ಅಮ್ಮನ ಬಾಯಿಯ ಅಳತೆ

ಡೆಂಟಲ್ ಮೆಕ್ಯಾನಿಕ್ ಕೋರ್ಸಿಗೆ ಸೇರುತ್ತೇನೆ ಎಂದಾಗ ನಮ್ಮೂರು ಹೆಬಳೆಯಲ್ಲಿ ಕೇಳಿದವರೆಲ್ಲ, "ಎಂತ ಹುಡ್ಗಿ, ಹಲ್ಲು ಕೀಳುದಾ?" ಎಂದು ನಕ್ಕರು. ಕೀಳುವುದಲ್ಲ, ಕಟ್ಟುವುದು ಎಂದು ಹೇಳಿ ಹೇಳಿ ನನಗೇ ಸಾಕಾಗಿತ್ತು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾವು ಲ್ಯಾಬಿನಲ್ಲಿ ಕೂತು ಅದಕ್ಕೆ ತಕ್ಕ ಹಲ್ಲಿನ ಸೆಟ್ ಮಾಡುತ್ತೇವೆ. ರೋಗಿಯ ಬಾಯಿಗೆ ಕೈ ಹಾಕುವ ಕೆಲಸ ನಮ್ಮದಲ್ಲ. ಮೊದಲ ದಿನವೇ ಹೇಳಿಕೊಟ್ಟ ಪಾಠ ಇದು.

ಅಮ್ಮ ಮಾತ್ರ ನಗಲಿಲ್ಲ. ನಗಲು ಅವಳಿಗೆ ಹಲ್ಲೇ ಇರಲಿಲ್ಲ. ಮಲ್ಲಿಗೆ ಕಟ್ಟುವುದು ಅವಳ ಕೆಲಸ, ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸಿದ ಕವಳ ಅವಳ ಚಟ. ಐವತ್ತು ದಾಟುವುದರೊಳಗೆ ಬಾಯಿ ಬೋಳಾಗಿತ್ತು. ದಂಡೆ ಕಟ್ಟಿ ಮುಗಿದೊಡನೆ ಬಾಳೆನಾರನ್ನು ಹಲ್ಲಿನಲ್ಲಿ ಪಟ್ಟನೆ ಕಡಿಯುತ್ತಿದ್ದವಳು ಈಗ ಪ್ರತಿ ಸಲ ಕತ್ತರಿಗೆ ತಡಕಾಡುತ್ತಿದ್ದಳು. "ನೀ ಕಲಿ ಮಗಾ, ಮೊದ್ಲು ನಂಗೇ ಮಾಡಿಕೊಡು" ಎಂದಳು.

ತರಬೇತಿಗೆ ಹೊನ್ನಾವರದ ಒಂದು ಲ್ಯಾಬು ಸಿಕ್ಕಿತು. ದಿನಾ ಭಟ್ಕಳದಿಂದ ಬಸ್ಸು. ಕುಮಟಾದ ಡಾಕ್ಟರೊಬ್ಬರು ಅಮ್ಮನ ಬಾಯಿಯ ಅಳತೆ ತೆಗೆದುಕೊಟ್ಟರು, ಸೆಟ್ ನಾನೇ ಮಾಡಿದೆ. ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುವಾಗ ಅವಳ ಮದುವೆಯ ಫೋಟೋ ಎದುರಿಗಿಟ್ಟುಕೊಂಡಿದ್ದೆ. ಫೋಟೋದಲ್ಲಿದ್ದ ಹಾಗೇ ಮುಂದಿನ ಒಂದು ಹಲ್ಲನ್ನು ತುಸು ಓರೆ ಮಾಡಿದೆ. ಡಾಕ್ಟರು ಹಾಕಿ ನೋಡಿ, "ಚಂದ ಬಂದದೆ. ಎಲ್ಲಾದ್ರೂ ತಾಗಿದ್ರೆ ಇಲ್ಲಿಗೇ ಕರ್ಕೊಂಡು ಬಾ" ಎಂದರು. ಅಮ್ಮ ಕನ್ನಡಿ ನೋಡಿಕೊಂಡು ಬಾಯಿಗೆ ಸೆರಗು ಮುಚ್ಚಿಕೊಂಡಳು. ಅಷ್ಟು ಸಂತೋಷ ನನಗೆ ಮತ್ತೆಂದೂ ಆಗಿಲ್ಲ.

ವಾರದೊಳಗೆ ಕೆಳಗಿನ ಸೆಟ್ ಎಡಬದಿಯಲ್ಲಿ ತಾಗತೊಡಗಿತು. ಹೊಸ ಸೆಟ್ ಅಂದಮೇಲೆ ತಾಗುವುದೇ. ಅಷ್ಟಕ್ಕೆಲ್ಲ ಕುಮಟಾಕ್ಕೆ ಓಡುವುದೆಂತಕ್ಕೆ, ಮನೆಯಲ್ಲೇ ಮೆಕ್ಯಾನಿಕ್ ಇಲ್ಲವೇ? ಟಾರ್ಚ್ ಹಿಡಿದು ನೋಡಿದೆ. ಒಸಡಿನ ಮೇಲೆ ಅಕ್ಕಿಕಾಳಿನಷ್ಟು ಹುಣ್ಣು. ಲ್ಯಾಬಿನಿಂದ ಸಣ್ಣ ಅರ ತಂದು ಸೆಟ್ಟಿನ ಅಂಚು ಉಜ್ಜಿ ಹಾಕಿಕೊಟ್ಟೆ.

"ಆತಾ?"

"ಆತು ಮಗಾ."

ಮುಂದಿನ ವಾರ ಮತ್ತೆ ನೋವು, ಮತ್ತೆ ಉಜ್ಜಿದೆ, ಮತ್ತೆ "ಆತು". ನನ್ನ ಕೆಲಸ ಸರಿಯಾಗಿಲ್ಲ ಎಂದು ಹೇಳುವ ಮನಸ್ಸು ಅವಳಿಗಿರಲಿಲ್ಲ, ಕೇಳಿಸಿಕೊಳ್ಳುವ ಮನಸ್ಸು ನನಗಿರಲಿಲ್ಲ. ಮನೆಗೆ ಯಾರೇ ಬಂದರೂ ನೋವು ನುಂಗಿಕೊಂಡು ಸೆಟ್ ಹಾಕಿ ಕೂರುತ್ತಿದ್ದಳು. "ನನ್ ಮಗಳೇ ಮಾಡಿದ್ದು" ಎಂದು ಆ ಓರೆ ಹಲ್ಲು ತೋರಿಸುತ್ತಿದ್ದಳು. ಕವಳ ಬಿಡು ಎಂದು ನಾನು ಬೈದದ್ದುಂಟು. ಬೈದದ್ದು ಸೆಟ್ಟಿಗೆ ಕಲೆ ಹಿಡಿಯುತ್ತದೆ ಎಂದು.

ಹೀಗೆ ಎರಡು ತಿಂಗಳು. ನಡುವೆ ನನ್ನ ಪರೀಕ್ಷೆ ಬಂತು. ಸೆಟ್ ತಾಗಿ ಆದ ಹುಣ್ಣು ಮಾಯದಿದ್ದರೆ ಏನು ಮಾಡಬೇಕು ಎಂಬುದೊಂದು ಪ್ರಶ್ನೆ. ಅಂಚು ಉಜ್ಜಿದ ಮೇಲೂ ಎರಡು ವಾರದಲ್ಲಿ ಮಾಯದಿದ್ದರೆ, ಅದರಲ್ಲೂ ಹೊಗೆಸೊಪ್ಪು ಹಾಕುವವರಾದರೆ, ತಡಮಾಡದೆ ಡಾಕ್ಟರ ಬಳಿ ಕಳಿಸಬೇಕು, ಕ್ಯಾನ್ಸರ್ ಇರಬಹುದು ಎಂದು ಬರೆದೆ. ಎದ್ದು ಕಾಣಲಿ ಎಂದು ಸ್ಕೇಲ್ ಇಟ್ಟು ಅಡಿಗೆರೆಯನ್ನೂ ಎಳೆದೆ. ಪರೀಕ್ಷೆ ಮುಗಿಸಿ ಮನೆಗೆ ಬಂದೆ, ಕೈಕಾಲು ತೊಳೆದೆ, ಅಮ್ಮನ ಸೆಟ್ ಉಜ್ಜಲು ಕೂತೆ.

ಪುಸ್ತಕದ ರೋಗಿ ಬೇರೆ, ನಮ್ಮಮ್ಮ ಬೇರೆ ಅಂದುಕೊಂಡಿದ್ದೆನೇ? ಹಾಗೆ ಅಂದುಕೊಂಡದ್ದೂ ನೆನಪಿಲ್ಲ. ಆ ಯೋಚನೆ ತಲೆಯ ಹತ್ತಿರವೂ ಸುಳಿಯಲಿಲ್ಲ. ಇದಕ್ಕೆ ನಾನು ನನ್ನನ್ನು ಇವತ್ತಿಗೂ ಕ್ಷಮಿಸಿಲ್ಲ.

ಕತ್ತಿನಲ್ಲಿ ಗಂಟು ಕಂಡ ಮೇಲೆ ಕುಮಟಾಕ್ಕೆ ಕರೆದೊಯ್ದೆ. ಡಾಕ್ಟರು ಬಾಯಿ ನೋಡಿದರು, ಅಮ್ಮನನ್ನು ಹೊರಗೆ ಕೂರಿಸಿದರು. "ಎಷ್ಟು ದಿನ ಆತು?" ಎಂದು ಕೇಳಿದರು. ಹೇಳಿದೆ. ಅವರು ಬೈದಿದ್ದರೆ ಚೆನ್ನಾಗಿತ್ತು, ಕ್ಯಾನ್ಸರ್ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ದೂರದ ದೊಡ್ಡ ಆಸ್ಪತ್ರೆಯಲ್ಲಿ ಅವಳ ಕೆಳದವಡೆಯ ಎಡಭಾಗವನ್ನೇ ತೆಗೆದರು. ನಾನು ಪಾಸಾದ ಸುದ್ದಿ ಮೊಬೈಲಿಗೆ ಬಂದಾಗ ಮೂಗಿನ ನಳಿಗೆಗೆ ಹಾಲು ಹಾಕುತ್ತಿದ್ದೆ. ಹೇಳದೆ ಇರಲಾಗಲಿಲ್ಲ, ಹೇಳಿದೆ. ಅಮ್ಮನಿಗೆ ಮಾತು ಬರುತ್ತಿರಲಿಲ್ಲ. ನನ್ನ ಕೆನ್ನೆ ಸವರಿದಳು. ಆಮೇಲೆ ದಿಂಬಿನ ಅಡಿಯಿಂದ ಪ್ಲಾಸ್ಟಿಕ್ ಡಬ್ಬಿ ತೆಗೆದು ನನ್ನ ಮಡಿಲಿಗಿಟ್ಟಳು. ಒಳಗೆ ಸೆಟ್ ಇತ್ತು. ಗುಳಿಬಿದ್ದ ತನ್ನ ಎಡಕೆನ್ನೆ ತೋರಿಸಿ, ಒಂದು ಬೆರಳನ್ನು ಇನ್ನೊಂದರ ಮೇಲೆ ಮೆಲ್ಲಗೆ ಉಜ್ಜಿ ತೋರಿಸಿದಳು. ಇನ್ನೊಂಚೂರು ಉಜ್ಜಿದರೆ ಕೂರುತ್ತದೆ ಎಂದು.

ಕೂರಲು ಅಲ್ಲಿ ಎಲುಬೇ ಇರಲಿಲ್ಲ. ನನ್ನ ಚೀಲದಲ್ಲಿ ಆ ಅರ ಇನ್ನೂ ಇತ್ತು. ತೆಗೆದೆ. ಅವಳು ನೋಡುತ್ತಿದ್ದ ಹಾಗೇ ಎಡ ಅಂಚನ್ನು ಸ್ವಲ್ಪ ಹೊತ್ತು ಉಜ್ಜಿದೆ, ಪುಡಿ ಊದಿ, ಸೆಟ್ಟನ್ನು ಡಬ್ಬಿಗೆ ಹಾಕಿ ಮುಚ್ಚಿದೆ.

"ಆತು ಅಮ್ಮ" ಎಂದೆ.