ಆಕ್-ಆಕ್ ಮಾವನ ಕಿವಿ ಪರೀಕ್ಷೆ

ಹೆಚ್ಚೂಕಡಿಮೆ ಪೂರ್ತಿ ಕಿವುಡರಾದ ನನ್ನ ಸೋದರಮಾವನನ್ನು ಕಳೆದ ವಾರ ಕಿವಿ ಟೆಸ್ಟಿಗೆ ಕರೆದುಕೊಂಡು ಹೋಗಿದ್ದೆ. ಫಸ್ಟ್ ಕ್ಲಾಸಲ್ಲಿ ಪಾಸಾಗಿಬಿಟ್ಟರು!

ಮಾವ ಧನಗೆರೆಯವರು. ರಿಟೈರ್ಡ್ ಹವಾಲ್ದಾರ್. ಸರ್ವಿಸ್ ಪೂರ್ತಿ ವಿಮಾನ ಹೊಡೆಯುವ ತೋಪಿನ ಪಕ್ಕದಲ್ಲೇ ಕಳೆದವರು. ಸಿಪಾಯಿಗಳ ಬಾಯಲ್ಲಿ ಅದು ‘ಆಕ್-ಆಕ್’. ಹಳೇ ಕಾಲದ ವೈರ್‌ಲೆಸ್‌ನವರು ‘ಎ’ ಅಕ್ಷರಕ್ಕೆ ‘ಆಕ್’ ಅನ್ನುತ್ತಿದ್ದರಂತೆ. ಆಂಟಿ-ಏರ್‌ಕ್ರಾಫ್ಟ್‌ನ ಎರಡು ಎ ಸೇರಿ ಆಕ್-ಆಕ್. (ಕಿವಿ ತಿನ್ನುವ ಯಂತ್ರಕ್ಕೆ ಎಂಥ ಮುದ್ದಿನ ಹೆಸರು ನೋಡಿ!) ನಾವು ಪೇಪರಿನವರು ನಾಲ್ಕು ಜನ ಬೈದರೆ ‘ಫ್ಲ್ಯಾಕ್ ಬಂತು’ ಅಂತ ಗೋಳಾಡುತ್ತೇವಲ್ಲ, ಅದೂ ಮೂಲದಲ್ಲಿ ಇಂಥ ತೋಪಿನ ಹೆಸರೇ. ಬೈಗುಳದಿಂದ ಯಾರ ಕಿವಿಯೂ ಹೋಗುವುದಿಲ್ಲ ಬಿಡಿ.

‘ಎಷ್ಟು ವಿಮಾನ ಬೀಳಿಸಿದ್ರಿ?’ ಅಂತ ಕೊಳ್ಳೇಗಾಲದ ಟೀ ಅಂಗಡಿಯಲ್ಲಿ ಕೇಳುವವರಿಗೆ ಬರವಿಲ್ಲ. ಒಂದೂ ಇಲ್ಲ. ಕಿವಿಗೆ ಹತ್ತಿ ತುರುಕಿಕೊಂಡು ಪ್ರಾಕ್ಟೀಸ್ ಮಾಡಿದ್ದಕ್ಕೇ ಕಿವಿ ಹೋಯಿತು. ಹೋದ ತಿಂಗಳು ಹನೂರು ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳದೆ ಕೂದಲೆಳೆಯಲ್ಲಿ ಉಳಿದರು. ಕಿವುಡು ಅಂತ ಸರ್ಟಿಫಿಕೇಟ್ ಸಿಕ್ಕರೆ ಕಿವಿಗೆ ಹಾಕುವ ಒಳ್ಳೆಯ ಮಷೀನ್ ಸಿಗುತ್ತದೆ. ಅದಕ್ಕೇ ಆಸ್ಪತ್ರೆಗೆ ಹೋದದ್ದು.

ಗಾಜಿನ ಗೂಡಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದರು. ಗಾಜಿನಾಚೆ ಟೆಸ್ಟ್ ಮಾಡುವವನು ಯಂತ್ರದ ಮುಂದೆ ಕೂತ. ಶಬ್ದ ಕೇಳಿದಾಗಲೆಲ್ಲ ಬಟನ್ ಒತ್ತಬೇಕು. ಮಾವ ಒತ್ತಿದರು. ಒತ್ತುತ್ತಲೇ ಇದ್ದರು. ರಿಪೋರ್ಟ್ ಬಂತು: ನಾರ್ಮಲ್!

ತಲೆ ಚಚ್ಚಿಕೊಂಡೆ. ಕಿವಿಗೆ ಬಾಯಿಟ್ಟು, ‘ಕೇಳಿಸ್ತಾ ಮಾವಾ?’ ಅಂತ ಕಿರುಚಿದೆ.

‘ಏನೂ ಕೇಳ್ನಿಲ್ಲ ಕಣ್ಲಾ. ಆವಯ್ಯ ಸ್ವಿಚ್‌ಗೆ ಕೈ ಆಕ್ದಾಗೆಲ್ಲ ಒತ್ಬುಟ್ಟೆ. ಗನ್ ಸದ್ದಲ್ಲಿ ಆರ್ಡ್ರು ಎಲ್ಲಿ ಕೇಳ್ತದೆ? ಸಾಹೇಬ್ರ ಕೈ ನೋಡ್ಕಂಡೇ ಒಡೀತಿದ್ವಿ.’

ಓಡಿಹೋಗಿ ಟೆಸ್ಟ್ ಮಾಡಿದವನಿಗೆ ವಿವರಿಸಿದೆ. ಅವನು ಕಂಪ್ಯೂಟರಿನಿಂದ ತಲೆಯೆತ್ತದೆ ನಕ್ಕ. ‘ಎಂಟ್ರಿ ಆಗೋಯ್ತು ಸಾ. ಅಪೀಲ್ ಆಕ್ಕಳಿ. ಮಿಲಿಟ್ರಿಯೋರು ಸುಳ್ಳು ಒತ್ತಾರಾ?’

ಮೈ ಉರಿದುಹೋಯಿತು. ಎದುರಿಗೆ ಕೂತವನು ಕೇಳಿ ಒತ್ತಿದನೋ, ನೋಡಿ ಒತ್ತಿದನೋ ಅನ್ನುವುದನ್ನು ತಲೆಯೆತ್ತಿ ನೋಡಲಾಗದವನಿಗೆ ಯಂತ್ರವಾದರೂ ಯಾಕೆ?

ವಾಪಸ್ ಬರುವಾಗ ಬಸ್ಸಿನಲ್ಲಿ, ‘ಮುಂದಿನ ಸಲ ಕಣ್ಣು ಮುಚ್ಕೊಂಡು ಕೂತ್ಕೋ ಮಾವಾ’ ಅಂತ ಮತ್ತೆ ಕಿರುಚಿದೆ. ಇಡೀ ಬಸ್ಸು ತಿರುಗಿ ನೋಡಿತು.

ಮಾವನಿಗೆ ಸಿಟ್ಟು ಬಂತು. ‘ಡೂಟೀಲಿ ಕಣ್ ಮುಚ್ಚದಾ? ಏನ್ಲಾ ಯೋಳ್ತಿದ್ದಯ್?’

ದೇಶ ಕಾಯಲು ಹೋಗಿ ಕಿವಿ ಕಳೆದುಕೊಂಡವರು, ಅದನ್ನು ನಂಬಿಸಲು ಈಗ ಕಣ್ಣನ್ನೂ ಮುಚ್ಚಿಕೊಳ್ಳಬೇಕೆ?