ರಾಜನ ವಿಷಯ

ಅವರ ಎಡಗಾಲಿನ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಉಗುರಿದ್ದ ಜಾಗದಲ್ಲಿ ಚರ್ಮ ಒಣ ಖರ್ಜೂರದ ಹಾಗೆ ಕಪ್ಪಗೆ ಮುದುಡಿಕೊಂಡಿತ್ತು. ಹೊಲ ಅಳೆಯುವ ಸರಪಳಿಯ ಕಬ್ಬಿಣದ ಗೂಟ ಬಿದ್ದು ಹಾಗಾಯಿತೆಂದು ಒಮ್ಮೆ ಹೇಳಿದ್ದರು. ಎತ್ತು ತುಳಿಯಿತೆಂದು ಇನ್ನೊಮ್ಮೆ ಹೇಳಿದ್ದೂ ನೆನಪಿದೆ. ಎಡಗಾಲೋ ಬಲಗಾಲೋ ಎಂದು ಈಗ ಯಾರಾದರೂ ಗಟ್ಟಿಸಿ ಕೇಳಿದರೆ ನಾನು ಸುಮ್ಮನಾಗುತ್ತೇನೆ. ಸಭೆಗಳಲ್ಲಿ ಬೇಸರದಿಂದ ನೆಲ ನೋಡುತ್ತ ಕೂರುವುದು ನನ್ನ ಅಭ್ಯಾಸವಾಗಿತ್ತು. ಹಾಗಾಗಿ ಅವರ ಮುಖಕ್ಕಿಂತ ಆ ಬೆರಳೇ ನನಗೆ ಹೆಚ್ಚು ಪರಿಚಯ.

ನಿಜಾಮರ ಸರಕಾರದಲ್ಲಿ ಅವರು ಗಿರ್ದಾವರರಾಗಿದ್ದವರು. ಊರೂರು ತಿರುಗಿ ಹೊಲ, ಬೆಳೆ, ಗಡಿ ನೋಡುವ ಅಧಿಕಾರಿ. ನಿವೃತ್ತರಾದ ಮೇಲೆ ಮಸ್ಕಿಯಲ್ಲಿ ಮನೆ ಮಾಡಿಕೊಂಡಿದ್ದರು. ಜನ ಮಾತ್ರ ಕೊನೆಯವರೆಗೂ ಅವರನ್ನು ಗಿರ್ದಾವರ ಸಾಹೇಬರೆಂದೇ ಕರೆದರು. ನಾನೂ ಹಾಗೆಯೇ ಕರೆಯುತ್ತಿದ್ದೆ. ಅದರಲ್ಲಿ ಏನೂ ತಪ್ಪಿದೆಯೆಂದು ಆಗ ಅನ್ನಿಸಿರಲಿಲ್ಲ.

ಸಿಂಧನೂರಿನ ಒಂದು ಹತ್ತಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವರು ಒಂದು ವಸ್ತುಸಂಗ್ರಹ ನಡೆಸುತ್ತಿದ್ದರು. ಊರಿನವರು ಅದಕ್ಕೆ ಹಳೇ ಸಾಮಾನಿನ ಖೋಲಿ ಎನ್ನುತ್ತಿದ್ದರು. ಮಸ್ಕಿಯ ಗುಡ್ಡದ ಬುಡದಲ್ಲಿ ಸಿಕ್ಕ ಕಲ್ಲಿನ ಮಣಿಗಳು, ಮುದಗಲ್ಲಿನಿಂದ ಬಂದ ತೋಪಿನ ಗುಂಡು, ಮರದ ಮುಖವಾಡಗಳು, ಹೆಂಗಸರು ಹೊಲಿದ ಕೌದಿಗಳು. ಇವನ್ನು ನೋಡಿಕೊಳ್ಳಲು ನಾಲ್ಕು ಜನರ ಸಮಿತಿಯಿತ್ತು. ಗಿರ್ದಾವರರು ಅಧ್ಯಕ್ಷರು. ಲಿಂಗಸುಗೂರಿನ ಒಬ್ಬ ವಕೀಲರು ಮತ್ತು ಮುದಗಲ್ಲಿನ ಒಬ್ಬ ಹಕೀಮರು ಸದಸ್ಯರು. ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಬಂದು, ಮುಂದೇನು ಮಾಡಬೇಕೆಂದು ತಿಳಿಯದೆ ಅಲೆಯುತ್ತಿದ್ದ ನಾನು ಕಾರ್ಯದರ್ಶಿ. ಯಾರಿಗೂ ಸಂಬಳವಿಲ್ಲ. ಸಭೆಯೆಂದರೆ ಸರಕಾರ ಸಂಶಯಪಡುತ್ತಿದ್ದ ಕಾಲ ಅದು. ನಾಲ್ವರು ಕೂಡುವುದಕ್ಕೂ ಕಚೇರಿಯಿಂದ ಇಜಾಜತ್ತಿನ, ಅಂದರೆ ಅನುಮತಿಯ, ಕಾಗದ ತರಬೇಕಿತ್ತು. ಆ ಕಾಗದಕ್ಕಾಗಿ ಪ್ರತಿ ತಿಂಗಳೂ ಅಲೆಯುತ್ತಿದ್ದವರು ಗಿರ್ದಾವರರೇ.

ತಿಂಗಳ ಮೊದಲ ಶುಕ್ರವಾರ ಸಭೆ. ಎಲ್ಲರೂ ಹಿಂದಿನ ದಿನವೇ ಚಕ್ಕಡಿ ಹತ್ತಿ, ಧೂಳು ಕುಡಿದು, ಸೊಂಟ ಹಿಡಿದುಕೊಂಡು ಬಂದಿರುತ್ತಿದ್ದರು. ಹಕೀಮರು ಮಧ್ಯಾಹ್ನದ ನಮಾಜಿಗೆ ಹೋದರೆ ಅವರು ತಿರುಗಿ ಬರುವವರೆಗೆ ಅಧ್ಯಕ್ಷರು ಕಡತ ತೆರೆಯುತ್ತಿರಲಿಲ್ಲ. ವಕೀಲರು ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದರು. ಆಮೇಲೆ ಅಧ್ಯಕ್ಷರು ತಮ್ಮ ಬುತ್ತಿ ಬಿಚ್ಚಿ ಜೋಳದ ರೊಟ್ಟಿಯನ್ನು ನಾಲ್ಕು ಭಾಗ ಮಾಡುತ್ತಿದ್ದರು. ಒಮ್ಮೆ ನಾನು ಸಿಡುಕಿನಿಂದ, ಇದನ್ನೆಲ್ಲ ಯಾತಕ್ಕೆ ಮಾಡಬೇಕು ಎಂದು ಕೇಳಿದೆ. “ಯಾರೂ ಮಾಡಂತ ಹೇಳಿಲ್ಲಲ್ಲ, ಅದಕ್ಕ” ಎಂದರು. ನಗಲಿಲ್ಲ. ಅವರು ನಕ್ಕದ್ದನ್ನು ನಾನು ಎರಡು ಮೂರು ಸಲ ಕಂಡಿರಬಹುದು.

ನಮ್ಮ ಸಂಗ್ರಹದಲ್ಲಿ ಎಲ್ಲರೂ ನಿಂತು ನೋಡುತ್ತಿದ್ದುದು ಒಂದೇ ವಸ್ತುವನ್ನು. ಅದು ಆಳೆತ್ತರದ ತೊಗಲುಗೊಂಬೆ, ಕಿರೀಟ ತೊಟ್ಟ ಒಬ್ಬ ರಾಜ. ಆಡಿನ ಚರ್ಮವನ್ನು ತೆಳ್ಳಗೆ ಹೆರೆದು, ಕೆಂಪು ಹಸಿರು ಬಣ್ಣ ತುಂಬಿ, ಬೆಳಕು ಹಾಯಲು ಸಣ್ಣ ಸಣ್ಣ ತೂತು ಹೊಡೆದದ್ದು. ಒಂದು ಭುಜ ಹರಿದು ಕೈ ಜೋತುಬಿದ್ದಿತ್ತು. ಅಧ್ಯಕ್ಷರು ಅದನ್ನು ಮುಕ್ಕುಂದದಲ್ಲಿ ಗೊಂಬೆ ಆಡಿಸುವ ಒಬ್ಬ ಮುದುಕನಿಂದ ಕೇಳಿ ತಂದಿದ್ದರು. ಕೇಳಿದ ಕೂಡಲೇ ಕೊಟ್ಟನಂತೆ. ಅದನ್ನು ಹೇಳುವಾಗ ಅವರ ದನಿಯಲ್ಲಿ ಅಪರೂಪದ ಹೆಮ್ಮೆ ಇತ್ತು.

ಎಂಟು ಹತ್ತು ತಿಂಗಳ ಮೇಲೆ ಒಂದು ಶುಕ್ರವಾರ ಆ ಮುದುಕ ಮೆಟ್ಟಿಲು ಹತ್ತಿ ಬಂದ. ರಾಜನ ಮುಂದೆ ಬಹಳ ಹೊತ್ತು ಕೂತ. ಅಧ್ಯಕ್ಷರು ಚಹಾ ತರಿಸಿಕೊಟ್ಟರು. ಕುಡಿದು ಬಟ್ಟಲು ಕೆಳಗಿಟ್ಟು, ರಾಜನನ್ನು ವಾಪಸು ಕೊಡಬೇಕೆಂದು ಕೇಳಿದ. ಅವನು ವಿವರಿಸಿದ್ದು ಹೀಗೆ. ಹರಿದು ಹೋದ ಗೊಂಬೆ ಸತ್ತ ಮನುಷ್ಯನಿದ್ದಂತೆ. ಅದಕ್ಕೆ ಅರಿಶಿಣ ಹಚ್ಚಿ ಹೊಳೆಗೆ ಬಿಡಬೇಕು. ಬಿಡುವವರೆಗೆ ಅದೇ ಮುಖದ ಹೊಸ ಗೊಂಬೆಯನ್ನು ಅವರ ಮನೆತನದಲ್ಲಿ ಯಾರೂ ಕೊರೆಯುವುದಿಲ್ಲ. ರಾಜನಿಲ್ಲದೆ ಆಟವಿಲ್ಲ. ಮಗ ಉಳಿ ಮುಚ್ಚಿಟ್ಟು ಬೇರೆಯವರ ಗದ್ದೆಗೆ ಕೂಲಿಗೆ ಹೋಗುತ್ತಿದ್ದಾನೆ. ತನಗೆ ಉಸಿರಾಡುವುದೇ ಕಷ್ಟವಾಗಿದೆ, ತಾನಿರುವಾಗಲೇ ಮಗನಿಗೆ ರಾಜನ ಕಣ್ಣು ಕೊರೆಯುವುದನ್ನು ಹೇಳಿಕೊಡಬೇಕು.

ಹಾಗಿದ್ದರೆ ಅಂದು ಕೊಟ್ಟದ್ದೇಕೆ ಎಂದು ಅಧ್ಯಕ್ಷರು ಕೇಳಿದರು.

“ಸರಕಾರದ ಮನಶ್ಯಾ ಮನಿಗೆ ಬಂದು ಕೇಳಿದ ಮ್ಯಾಲ ಇಲ್ಲ ಅನ್ನಾಕ ಬರ್ತದೇನ್ರಿ ಸಾಹೇಬ್ರ?”

“ನಾ ನೌಕರಿ ಬಿಟ್ಟು ಆರು ವರ್ಷ ಆತಲ್ಲೋ.”

“ನೀವು ಬಿಟ್ಟೀರ್ರಿ. ನಮಗ ಯಾರು ಹೇಳ್ಯಾರ?”

ಅಧ್ಯಕ್ಷರು ತಲೆಯ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ವಕೀಲರು ನಿಯಮ ತೋರಿಸಿದರು. ಒಳಗೆ ಬಂದ ವಸ್ತು ಸಭೆಯಲ್ಲಿ ಮತ ಹಾಕಿದವರ ಬಹುಮತವಿಲ್ಲದೆ ಹೊರಗೆ ಹೋಗುವಂತಿಲ್ಲ. ಅದೂ ಅಲ್ಲದೆ ಹೈದರಾಬಾದಿನಿಂದ ಒಬ್ಬ ದೊಡ್ಡ ಅಧಿಕಾರಿ ಸಂಗ್ರಹ ನೋಡಲು ಬರುವವರಿದ್ದರು. ಅವರ ಮನಸ್ಸಿಗೆ ಬಂದರೆ ಸರಕಾರದ ಮನ್ನಣೆ ಸಿಗುತ್ತಿತ್ತು, ತಿಂಗಳು ತಿಂಗಳು ಇಜಾಜತ್ತು ಬೇಡುವುದು ತಪ್ಪುತ್ತಿತ್ತು. ತೋರಿಸಲು ರಾಜನಲ್ಲದೆ ನಮ್ಮಲ್ಲಿ ಏನಿತ್ತು? ನಾನು ವಕೀಲರ ಪರ. ಹೊಳೆಗೆ ಬಿಟ್ಟರೆ ಇತಿಹಾಸ ಕೊಳೆತು ಹೋಗುತ್ತದೆ ಎಂದು ದೊಡ್ಡ ಮಾತಾಡಿದೆ. ಮುದುಕನಿಗೆ ಬುದ್ಧಿಯನ್ನೂ ಹೇಳಿದೆ. ಹಳೆಯದು ಇಲ್ಲಿರಲಿ, ನೀನು ಹೊಸದು ಕೊರೆದುಕೋ, ನೋಡುವವರಿಗೆ ಏನು ತಿಳಿಯುತ್ತದೆ ಎಂದೆ.

“ನೋಡಾವ್ರಿಗೆ ತಿಳಿಯಂಗಿಲ್ರಿ” ಎಂದ ಅವನು. “ಕೊರಿಯೋ ಕೈಗೆ ತಿಳೀತದ.”

ಮತಕ್ಕೆ ಹಾಕಿದರು. ತಪ್ಪು ತಮ್ಮದೇ ಆದ್ದರಿಂದ ತಾವು ಮತ ಹಾಕುವುದಿಲ್ಲವೆಂದು ಅಧ್ಯಕ್ಷರು ದೂರ ನಿಂತರು. ಕೊಟ್ಟುಬಿಡೋಣವೆಂದು ಹಕೀಮರೊಬ್ಬರ ಕೈ ಮೇಲೆದ್ದಿತು. ವಕೀಲರ ಕೈಯೂ ನನ್ನ ಕೈಯೂ ಏಳಲಿಲ್ಲ. ರಾಜ ಗೋಡೆಯ ಮೇಲೆಯೇ ಉಳಿದ.

ಆ ಕೋಣೆಯ ಕೀಲಿಕೈ ಅಧ್ಯಕ್ಷರ ಜೇಬಿನಲ್ಲಿಯೇ ಇತ್ತು. ಗೊಂಬೆಯನ್ನು ಸುತ್ತಿ ಒಯ್ದು ಕೊಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ಹಾಗೆ ಮಾಡಿಯಾರೆಂದು ನಾನು ಕಾದೆ. ಮಾಡಿದ್ದರೆ ನನಗೆ ಸಿಟ್ಟಾಗಲಿಕ್ಕೆ ಒಂದು ಕಾರಣ ಸಿಗುತ್ತಿತ್ತು. ಅವರು ಮುಂದಿನ ತಿಂಗಳ ಕಾರ್ಯಸೂಚಿಯಲ್ಲಿ ಮೊದಲನೆಯದಾಗಿ ‘ರಾಜನ ವಿಷಯ’ ಎಂದು ಬರೆಸಿದರು. ಇಜಾಜತ್ತಿಗೆ ಕೊಡುವ ಕಾಗದದಲ್ಲಿ ಹಾಗೆ ಬರೆಯಬೇಡಿರೆಂದು ವಕೀಲರು ಗಾಬರಿಯಾದರು. “ಯಾವ ರಾಜ, ಏನು ವಿಷಯ ಅಂತ ಪೋಲೀಸರು ನಮ್ಮನ್ನ ಒಳಗ ಹಾಕತಾರ್ರಿ.” ಕೊನೆಗೆ ‘ಗೊಂಬೆ’ ಎಂಬುದನ್ನು ಸೇರಿಸಿದೆವು.

ಆ ತಿಂಗಳೂ ಆಗಲಿಲ್ಲ. ಅದರ ಮುಂದಿನ ತಿಂಗಳೂ ಆಗಲಿಲ್ಲ. ಪ್ರತಿ ಸಲ ಸಭೆ ಮುಗಿದ ಮೇಲೆ ಅವರು ಮಸ್ಕಿಯ ದಾರಿ ಬಿಟ್ಟು ಮುಕ್ಕುಂದಕ್ಕೆ ಹೋಗುತ್ತಿದ್ದರು. ಈ ಸಲವೂ ಆಗಲಿಲ್ಲಪ್ಪಾ ಎಂದು ಮುದುಕನಿಗೆ ತಾವೇ ಹೇಳಿ ಬರುತ್ತಿದ್ದರು. ಅವರ ವಯಸ್ಸು ಅರವತ್ತು ದಾಟಿತ್ತು. ಹೇಳಿ ಕಳಿಸಿದರೆ ಸಾಲದೇ ಎಂದು ಹಕೀಮರು ಬೈದರು. ಕೇಳಲು ತಾವೇ ಹೋಗಿದ್ದಾಗ ಇಲ್ಲವೆನ್ನಲೂ ತಾವೇ ಹೋಗಬೇಕೆಂಬುದು ಅವರ ಉತ್ತರ. ನಮ್ಮ ಮೇಲೆ ಒಮ್ಮೆಯೂ ಸಿಟ್ಟಾಗಲಿಲ್ಲ. ಅದೇ ವಿಷಯ, ಅದೇ ನಾಲ್ಕು ಮಾತು, ಅದೇ ಮತ, ಆಮೇಲೆ ರೊಟ್ಟಿ.

ಆರನೆಯ ತಿಂಗಳೆಂದು ತೋರುತ್ತದೆ, ಹಕೀಮರ ಕೈಯ ಜೊತೆ ನನ್ನ ಕೈಯೂ ಮೇಲೆದ್ದಿತು. ನನ್ನ ಆತ್ಮಸಾಕ್ಷಿ ಎಚ್ಚೆತ್ತಿತೆಂದು ಮುಂದೆ ಗೆಳೆಯರಿಗೆ ಹೇಳಿಕೊಂಡು ತಿರುಗಿದ್ದೇನೆ. ಅದು ಸುಳ್ಳಿರಬೇಕು. ಆ ದಿನ ಸೆಕೆ ವಿಪರೀತವಿತ್ತು. ಈ ಮಾತು ಇನ್ನೊಮ್ಮೆ ಕೇಳಲಾರೆನೆಂದು ಅನ್ನಿಸಿದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ. ಒಪ್ಪಿ ಎತ್ತಿದೆನೋ ದಣಿದು ಎತ್ತಿದೆನೋ ಹೇಳಲಾರೆ. ಅವರು ಅದನ್ನು ಕೇಳಲಿಲ್ಲ. ಎದ್ದು ಗೋಡೆಯಿಂದ ರಾಜನನ್ನು ಇಳಿಸಿದರು.

ಮರುದಿನ ಮುಕ್ಕುಂದದ ಹೊಳೆಯ ದಂಡೆಗೆ ಹೋದೆವು. ಮುದುಕನನ್ನು ಮಗ ಬೆನ್ನ ಮೇಲೆ ಹೊತ್ತು ತಂದ. ರಾಜನ ಮುಖಕ್ಕೆ ಅರಿಶಿಣ ಹಚ್ಚಿ ನೀರಿಗೆ ಬಿಟ್ಟರು. ಗೊಂಬೆ ಕೂಡಲೇ ಮುಳುಗಲಿಲ್ಲ. ಅಂಗಾತ ತೇಲುತ್ತ ಒಂದು ಸುತ್ತು ತಿರುಗಿ ಹರಿವಿಗೆ ಸೇರಿತು. “ಹೋಗಪಾ, ನಿನಗೂ ಸಾಕಾಗೇತಿ” ಎಂದ ಮುದುಕ. ಅಧ್ಯಕ್ಷರು ಮೊಣಕಾಲುದ್ದ ನೀರಿನಲ್ಲಿ ನಿಂತು ತಮ್ಮಿಂದ ತಪ್ಪಾಯಿತೆಂದು ಅವನಿಗೆ ಕೈ ಮುಗಿದರು. ಮುದುಕ ನಾಚಿ ಬೇರೆ ಕಡೆ ನೋಡಿದ. ಒಂದು ವಾರದಲ್ಲಿ ಮಗ ಹೊಸ ಚರ್ಮದ ಮೇಲೆ ಗೆರೆ ಹಾಕಿದನೆಂದು ಸುದ್ದಿ ಬಂತು. ಕಣ್ಣು ಕೊರೆಯುವಾಗ ತಂದೆ ಪಕ್ಕದಲ್ಲಿಯೇ ಇದ್ದನಂತೆ.

ಹೈದರಾಬಾದಿನ ಅಧಿಕಾರಿ ಬಂದರು, ಮಣಿಗಳನ್ನು ನೋಡಿದರು, ಚಹಾ ಕುಡಿದು ಹೋದರು. ಮನ್ನಣೆ ಬರಲಿಲ್ಲ. ವಕೀಲರು ಸಭೆಗೆ ಬರುವುದನ್ನು ಬಿಟ್ಟರು.

ಅಧ್ಯಕ್ಷರನ್ನು ಕಾಡುತ್ತಿದ್ದುದು ಅದಲ್ಲ. ಹೊಳೆಯಿಂದ ತಿರುಗಿ ಬರುವಾಗಲೇ ಚಕ್ಕಡಿಯಲ್ಲಿ ಅವರು ನನ್ನನ್ನು ಕೇಳಿದ್ದರು: “ಉಳಿದವ್ರು ಎಷ್ಟು ಮಂದಿ ಹೀಂಗ ಹೆದರಿ ಕೊಟ್ಟಿರಬೇಕ್ರಿ?” ನಮ್ಮ ರಿಜಿಸ್ಟರಿನಲ್ಲಿದ್ದ ಮನೆಗಳಿಗೆಲ್ಲ ಅವರೇ ಹೋಗಿ ಕೇಳಿದ್ದರು. ಅಷ್ಟರಲ್ಲಿ ಅವರ ಕಾಲಿಗೆ ನೀರು ಇಳಿಯತೊಡಗಿತು, ಮಸ್ಕಿಯ ಮನೆ ಬಿಟ್ಟು ಹೊರಗೆ ಬರದಂತಾಯಿತು. ನನ್ನನ್ನು ಕರೆಸಿ ರಿಜಿಸ್ಟರು ಕೈಗಿಟ್ಟರು. ಪ್ರತಿ ಮನೆಗೆ ಹೋಗಿ ಮನಸ್ಸಿನಿಂದ ಕೊಟ್ಟಿರಾ ಎಂದು ಕೇಳಬೇಕು, ಇಲ್ಲವೆಂದವರಿಗೆ ವಸ್ತು ತಿರುಗಿ ಮುಟ್ಟಬೇಕು.

“ನಾ ಹೋದ್ರ ಮತ್ತ ಗಿರ್ದಾವರ ಬಂದಂಗ ಆಗತದ. ನೀವು ಹೋಗ್ರಿ. ನಿಮ್ಮನ್ನ ನೋಡಿ ಯಾರೂ ಹೆದರಂಗಿಲ್ಲ.” ಅಂದು ಅವರು ನಕ್ಕರು.

ಹೋದೆ. ಕೆಲವರು ತಮ್ಮದನ್ನು ತಿರುಗಿ ಕೇಳಿದರು, ಕೆಲವರಿಗೆ ಕೊಟ್ಟದ್ದೇ ಮರೆತಿತ್ತು. ಸಂತೆಕಲ್ಲೂರಿನಲ್ಲಿ ತಾಯಿ ಹೊಲಿದ ಕೌದಿ ಕೊಟ್ಟಿದ್ದ ಒಬ್ಬ ಹೆಂಗಸು ಕಟ್ಟೆಯ ಮೇಲೆ ಬೇಳೆ ಹಸನು ಮಾಡುತ್ತ ಕೂತಿದ್ದಳು. ಹೆದರಿ ಕೊಟ್ಟೆಯೇನಮ್ಮಾ ಎಂದೆ.

“ಹೆದರಿಕಿ ಯಾತರದಪಾ?” ಎಂದಳು. “ಅವರು ನಮ್ಮ ಹೊಲ ಅಳ್ಯಾಕ ಬಂದಾಗ ಜ್ವಾಳ ಕಾಳು ಕಟ್ಟಿತ್ತು. ಬ್ಯಾರೆ ಸಾಹೇಬ್ರು ಬೆಳಿ ನಡುವ ಕುದುರಿ ಬಿಟಗೊಂಡು ಹೋಗ್ಯಾರ. ಇವರು ಚಪ್ಪಲಿ ಕೈಯಾಗ ಹಿಡಕೊಂಡು ಬದುವಿನ ಮ್ಯಾಲ ನಡದ್ರು, ಒಂದು ದಂಟು ಮುರೀಲಿಲ್ಲ. ಅಂಥವ್ರು ಕೇಳ್ಯಾರಂತ ಕೊಟ್ಟೀನಿ. ಇನ್ಯಾರಿಗೂ ಕೊಡತಿದ್ದಿಲ್ಲ.”

ಆ ಮಾತು ಹೊತ್ತುಕೊಂಡು ನೆಟ್ಟಗೆ ಮಸ್ಕಿಗೆ ಬಂದೆ. ಅವರು ಹಾಸಿಗೆಯಲ್ಲಿ ಗೋಡೆಗೆ ಒರಗಿದ್ದರು. ಎಲ್ಲ ಕೇಳಿ, ಬರೆದುಕೊಂಡಿದ್ದೀರೇನು ಎಂದು ರಿಜಿಸ್ಟರು ಕೇಳಿದರು. ಅವಳ ಮನೆಯ ಸಾಲಿನಲ್ಲಿ, ಮನಸ್ಸಿನಿಂದ ಕೊಟ್ಟರೇ ಎಂಬುದಕ್ಕೆ, ನಾನು ‘ಹೌದು’ ಎಂದಷ್ಟೇ ಬರೆದಿದ್ದೆ. ಅದರ ಮೇಲೆ ಬೆರಳಿಟ್ಟರು.

“ಹೆದರಿದವ್ರೂ ಹೌದು ಅಂತಾರ್ರಿ” ಎಂದರು.

ನಾನು ಅವಳ ಮಾತನ್ನು ಮತ್ತೆ ಹೇಳಿದೆ, ಚಪ್ಪಲಿಯ ಸಂಗತಿಯನ್ನು ಒತ್ತಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. “ಚಲೋ ಹೇಳ್ತೀರಿ. ಬಿ.ಎ. ಓದೀರಲ್ಲ” ಎಂದರು. ನನ್ನ ಸಮಾಧಾನಕ್ಕೆ ತಲೆಯಾಡಿಸಿದರು. ನಂಬಲಿಲ್ಲವೆಂಬುದು ಗೊತ್ತಾಯಿತು.

ಅವಳಿಂದಲೇ ಹೇಳಿಸಿ, ಎದುರಿಗೇ ಬರೆದುಕೊಂಡು ಬರುತ್ತೇನೆಂದು ಎದ್ದೆ. ಸಂತೆಕಲ್ಲೂರಿಗೆ ಹೋದಾಗ ಬಾಗಿಲಿಗೆ ಬೀಗ ಹಾಕಿತ್ತು, ಮಗಳ ಬಾಣಂತನಕ್ಕೆ ಹೋಗಿದ್ದಾಳೆ ಎಂದರು. ಅವಳು ತಿರುಗಿ ಬರುವ ಮೊದಲೇ ಗಿರ್ದಾವರರು ತೀರಿಕೊಂಡರು. ಆ ವರ್ಷವೇ ನಿಜಾಮರ ಆಳ್ವಿಕೆಯ ಕೊನೆಯ ಗಲಾಟೆ ಎಲ್ಲೆಡೆ ಎದ್ದು ಕೋಣೆಗಳು ಮುಚ್ಚಿದವು. ರಿಜಿಸ್ಟರು ನನ್ನಲ್ಲಿ ಉಳಿಯಿತು.

ಓದಿದವನೆಂದು ಎಲ್ಲರ ಮಾತನ್ನೂ ಅನುಮಾನಿಸುತ್ತ ಬಂದೆ, ಈಗ ನನ್ನ ನೆನಪಿನ ಸರದಿ. ಅವಳು ಚಪ್ಪಲಿಯೆಂದಳೋ, ಗಿರ್ದಾವರರ ಜೀವಕ್ಕೆ ತಂಪಾಗಲೆಂದು ದಾರಿಯಲ್ಲಿ ನಾನೇ ಸೇರಿಸಿಕೊಂಡೆನೋ? ಹೇಳಿದಳೆಂದೇ ನನಗೆ ತೋರುತ್ತದೆ. ಸಾಧಿಸಿ ತೋರಿಸಲು ‘ಹೌದು’ ಎಂಬ ಒಂದು ಪದವಿದೆ. ಅದರ ಮುಂದೆ ಅಂದು ಜಾಗ ಬೇಕಾದಷ್ಟಿತ್ತು. ಆಗ ಬರೆಯದೆ ಬಿಟ್ಟದ್ದನ್ನು, ಓದಬೇಕಾದವರು ಇಲ್ಲದ ಹೊತ್ತಿನಲ್ಲಿ, ಈಗ ಬರೆದಿದ್ದೇನೆ.