ಪೆನ್ಸಿಲ್ ಮೇಷ್ಟ್ರು

ನಮ್ಮ ಮನಶ್ಶಾಸ್ತ್ರ ವಿಭಾಗದ ಸಂಖ್ಯಾಶಾಸ್ತ್ರದ ಮೇಷ್ಟ್ರು ಯಾವುದನ್ನೂ ಪೂರ್ತಿ ನಂಬುವುದಿಲ್ಲ, ಯಾವುದನ್ನೂ ಪೂರ್ತಿ ತಳ್ಳಿಹಾಕುವುದಿಲ್ಲ. ಎಲ್ಲಕ್ಕೂ ನೂರಕ್ಕಿಷ್ಟು ಎನ್ನುತ್ತಾರೆ. ಸಂಶೋಧಕರು ಪ್ರಶ್ನಾವಳಿಗಳ ಕಟ್ಟು ಹೊತ್ತು ತಂದರೆ, "ಮೊದಲು ನಿಮ್ಮ ಊಹೆ ಚೀಟೀಲಿ ಬರೀರಿ, ಆಮೇಲೆ ಕಂಪ್ಯೂಟರ್ ಮುಟ್ಟೋಣ. ಮಾಹಿತಿ ಬಂದಷ್ಟೂ ಊಹೆ ತಿದ್ದೋಣ" ಎಂದು ಪೆನ್ಸಿಲ್ ಚಾಚುತ್ತಾರೆ. ಲಿಫ್ಟ್ ಬರುವುದಕ್ಕೂ ಚೀಟಿ, ಹೆಂಡತಿ ಊಟದ ಡಬ್ಬಿಗೆ ಏನು ಹಾಕಿದ್ದಾರೆಂಬುದಕ್ಕೂ ಚೀಟಿ. ಮುಚ್ಚಳ ತೆಗೆದೊಡನೆ ರಬ್ಬರು ಹಿಡಿದು ತಿದ್ದುತ್ತಾರೆ. ಅವರ ಕಂಪ್ಯೂಟರಿಗೆ ಉತ್ತರಗಳನ್ನು ತುಂಬುವ ಗುಮಾಸ್ತ ನಾನು. ಸಂಬಳಕ್ಕೆ ತಕ್ಕಷ್ಟೇ ತಲೆ. ಕಳೆದ ವಾರ ಆ ತಲೆಯೂ ಕೈಕೊಟ್ಟು, ಒಂದು ಪ್ರಶ್ನಾವಳಿಯ ‘ನಗು ಬರುತ್ತದೆ’, ‘ಅಳು ಬರುತ್ತದೆ’ ಎರಡಕ್ಕೂ ಸಂತೋಷದ ಅಂಕವನ್ನೇ ಕೊಟ್ಟು, ನಲವತ್ತು ಜನರ ಖಿನ್ನತೆಯನ್ನು ಕಾಗದದ ಮೇಲೆ ವಾಸಿ ಮಾಡಿಬಿಟ್ಟೆ. ಹೇಳಿದರೆ ಕೆಲಸ ಹೋಗಬಹುದಿತ್ತು, ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎರಡು ದಿನ ಮುಚ್ಚಿಟ್ಟು, ಮೂರನೆಯ ದಿನ ಹೋಗಿ ಹೇಳಿದೆ. ಮೇಷ್ಟ್ರು ಬೈಯಲಿಲ್ಲ, ಡ್ರಾಯರಿನಿಂದ ನಾನು ಕೆಲಸಕ್ಕೆ ಸೇರಿದ ದಿನ ನನ್ನ ಬಗ್ಗೆ ಬರೆದಿಟ್ಟ ಚೀಟಿ ತೆಗೆದರು. "ತಪ್ಪು ಮಾಡಿದರೆ ತಾನಾಗಿ ಬಂದು ಹೇಳುವ ಸಂಭವ: ನೂರಕ್ಕೆ ಇಪ್ಪತ್ತು" ಎಂದಿತ್ತು. ಅದನ್ನು ಒರೆಸಿ ಮೂವತ್ತೈದು ಮಾಡಿದರು. "ಇಷ್ಟೇನಾ ಸಾರ್?" ಎಂದೆ. "ಇದು ಒಂದೇ ಸಲ ಅಲ್ವೇನಯ್ಯಾ? ನಿನ್ನ ಇನ್ನೂ ಹತ್ತು ವರ್ಷ ನೋಡ್ಬೇಕು. ಹೋಗು, ಮೊದಲು ಆ ನಲವತ್ತು ಜನರ ದುಃಖ ವಾಪಸ್ ಕೊಡು."